ಮೈಸೂರಿನ ವಿದ್ಯುಚ್ಛಕ್ತಿಯ ಚರಿತ್ರೆಯಲ್ಲಿ ಲಯಸಾಮ್ಯ

ಮೈಸೂರು ಸಂಸ್ಥಾನದಲ್ಲಿ ವಿದ್ಯುಚ್ಛಕ್ತಿ ಬೆಳೆದುಬಂದ ಬಗೆಯನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಮೂರು ವಿಷಯಗಳನ್ನು ಎತ್ತಿ ಹೇಳುತ್ತಾರೆ. ಮೊದಲನೆಯದು ಶಿವನಸಮುದ್ರದ ಜಲಪಾತ. ಎರಡನೆಯದು ಅಲ್ಲಿಂದ ಕೋಲಾರದ ಚಿನ್ನದ ಗಣಿಗಳವರೆಗೆ ಎಳೆದ ದೂರದ ತಂತಿ. ಮೂರನೆಯದು ಅಂದಿನ ದಿವಾನರ ದೂರದೃಷ್ಟಿ. ಈ ಮೂರೂ ನಿಜ, ಮೂರೂ ಮುಖ್ಯ. ಆದರೆ ಇವುಗಳ ಹಿಂದೆ, ಕಣ್ಣಿಗೆ ಬೀಳದೆ ಉಳಿದಿರುವ ನಾಲ್ಕನೆಯ ವಿಷಯವೊಂದುಂಟು. ಹಲವು ಯಂತ್ರಗಳು ಒಂದೇ ತಂತಿಯನ್ನು ಹಂಚಿಕೊಳ್ಳಬೇಕಾದಾಗ ಅವುಗಳ ಚಲನೆಯ ಕಾಲವನ್ನು ಒಂದುಗೂಡಿಸುವುದು ಹೇಗೆ ಎಂಬುದೇ ಆ ವಿಷಯ. ಇದನ್ನು ನಾವು ಲಯಸಾಮ್ಯವೆಂದು ಕರೆಯಬಹುದು. ಈ ಪ್ರಶ್ನೆಗೆ ನಮ್ಮ ನಾಡಿನಲ್ಲಿ ಕಾಲಕಾಲಕ್ಕೆ ದೊರೆತ ಉತ್ತರಗಳನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

೧೯೦೨ನೆಯ ಇಸವಿ ಜೂನ್ ೩೦ರಂದು ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗಳನ್ನು ತಲುಪಿತು. ಆಗ ಸಂಸ್ಥಾನದ ಆಡಳಿತ ರೀಜೆಂಟರಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಕೈಯಲ್ಲಿತ್ತು. ಯೋಜನೆಗೆ ಬೆಂಬಲವಾಗಿ ನಿಂತಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು ೧೯೦೧ರಲ್ಲಿಯೇ ತೀರಿಕೊಂಡಿದ್ದರಿಂದ ಈ ದಿನವನ್ನು ಕಾಣಲಿಲ್ಲ. ಯೋಜನೆಯ ರೂಪರೇಖೆಯನ್ನು ಹಾಕಿದವರು ಜೋಲಿ ಡಿ ಲಾಟ್ಬಿನಿಯೇರ್ ಎಂಬ ಎಂಜಿನಿಯರು. ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಸಂಸ್ಥೆಯಿಂದಲೂ ವಿದ್ಯುದ್ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಿಂದಲೂ ಬಂದವು. ಮೊದಲ ಹಂತದಲ್ಲಿ ಸ್ಥಾಪಿತವಾದ ಯಂತ್ರಗಳು ಆರು. ಒಂದೊಂದರ ಸಾಮರ್ಥ್ಯ ೭೨೦ ಕಿಲೋವಾಟು. ಒಟ್ಟು ೪,೩೨೦ ಕಿಲೋವಾಟು. ತಂತಿಯ ಉದ್ದ ೯೨ ಮೈಲಿ, ಅಂದರೆ ಸುಮಾರು ೧೪೮ ಕಿಲೋಮೀಟರು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಒಂದೇ ಯಂತ್ರವಿದ್ದರೆ ಅದು ತನ್ನಷ್ಟಕ್ಕೆ ತಾನು ತಿರುಗಿಕೊಂಡಿರಬಹುದು. ಆರು ಯಂತ್ರಗಳ ಶಕ್ತಿ ಒಂದೇ ಮಾರ್ಗದಲ್ಲಿ ಹರಿಯಬೇಕಾದರೆ ಹಾಗಾಗದು. ಪರ್ಯಾಯ ವಿದ್ಯುತ್ತು ಸೆಕೆಂಡಿಗೆ ಹಲವು ಬಾರಿ ಏರಿ ಇಳಿಯುವ ಅಲೆ. ಶಿವನಸಮುದ್ರದ ಮೊದಲ ಯಂತ್ರಗಳಲ್ಲಿ ಅದು ಸೆಕೆಂಡಿಗೆ ೨೫ ಆವರ್ತಗಳ ಅಲೆಯಾಗಿತ್ತು. ಒಂದು ಯಂತ್ರದ ಅಲೆ ಏರುತ್ತಿರುವಾಗ ಇನ್ನೊಂದರ ಅಲೆ ಇಳಿಯುತ್ತಿದ್ದರೆ ಎರಡೂ ಕೂಡಿ ಕೆಲಸ ಮಾಡುವುದಿಲ್ಲ, ಒಂದನ್ನೊಂದು ಎದುರಿಸುತ್ತವೆ. ಅಂಥ ಗಳಿಗೆಯಲ್ಲಿ ಅವನ್ನು ಜೋಡಿಸಿದರೆ ಅಪಾರ ವಿದ್ಯುತ್ಪ್ರವಾಹ ನುಗ್ಗಿ, ಸುರುಳಿಗಳು ಸುಟ್ಟು, ಯಂತ್ರದ ಅಚ್ಚು ತಿರುಚಿಹೋಗಬಹುದು. ಆದಕಾರಣ ಹೊಸ ಯಂತ್ರವನ್ನು ಸೇರಿಸುವ ಮುನ್ನ ಅದರ ಒತ್ತಡ, ಆವರ್ತನ, ಅಲೆಯ ಸ್ಥಾನ ಮತ್ತು ಮೂರು ತಂತಿಗಳ ಅನುಕ್ರಮ ಇವೆಲ್ಲವೂ ಆಗಲೇ ಓಡುತ್ತಿರುವ ಯಂತ್ರಗಳವಕ್ಕೆ ಸರಿಹೊಂದಿರಬೇಕು.

ಇದನ್ನು ಅರಿಯಲು ಆ ಕಾಲದ ವಿದ್ಯುದಾಗಾರಗಳಲ್ಲಿ ಬಳಕೆಯಲ್ಲಿದ್ದ ಉಪಾಯ ಅತ್ಯಂತ ಸರಳವಾದದ್ದು. ಓಡುತ್ತಿರುವ ಮಾರ್ಗಕ್ಕೂ ಸೇರಬೇಕಾದ ಯಂತ್ರಕ್ಕೂ ನಡುವೆ ದೀಪಗಳನ್ನು ತೂಗುಹಾಕುತ್ತಿದ್ದರು. ಎರಡರ ವೇಗದಲ್ಲಿ ವ್ಯತ್ಯಾಸವಿದ್ದಷ್ಟೂ ದೀಪಗಳು ಬೇಗಬೇಗ ಹೊತ್ತಿ ಆರುತ್ತಿದ್ದವು. ವೇಗ ಹತ್ತಿರವಾದಂತೆ ಈ ಮಿಣುಕು ನಿಧಾನವಾಗುತ್ತಿತ್ತು. ದೀಪಗಳು ಮೆಲ್ಲನೆ ಆರಿ ಪೂರ್ತಿ ಕತ್ತಲಾದ ಗಳಿಗೆಯೇ ಎರಡೂ ಅಲೆಗಳು ಒಂದಾದ ಗಳಿಗೆ. ನೌಕರನು ಆಗ ಸ್ವಿಚ್ಚನ್ನು ಮುಚ್ಚಬೇಕು. ಆಮೇಲೆ ಯಂತ್ರಗಳು ತಮ್ಮತಮ್ಮೊಳಗೇ ಲಯವನ್ನು ಕಾಯ್ದುಕೊಳ್ಳುತ್ತವೆ. ಮುಂದೋಡಲು ಹವಣಿಸುವ ಯಂತ್ರ ಹೆಚ್ಚು ಭಾರವನ್ನು ಹೊತ್ತು ನಿಧಾನವಾಗುತ್ತದೆ. ಹಿಂದೆ ಬೀಳುವ ಯಂತ್ರದ ಭಾರ ತಗ್ಗಿ ಅದು ಮುಂದೆ ಬರುತ್ತದೆ. ತಾಳವನ್ನು ಒಪ್ಪಿಕೊಂಡ ಮೇಲೆ ಮೇಳದಲ್ಲಿ ಯಾರೂ ಒಬ್ಬೊಂಟಿಗರಲ್ಲ ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ.

ಎಲ್ಲ ಯಂತ್ರಗಳೂ ಬಂದು ಕೂಡುವ ಲೋಹದ ದಪ್ಪ ಪಟ್ಟಿಗೆ ಬಸ್ ಬಾರ್ ಎಂದು ಹೆಸರು. ಲ್ಯಾಟಿನ್ ಭಾಷೆಯ ಆಮ್ನಿಬಸ್ ಎಂಬ ಪದಕ್ಕೆ ಎಲ್ಲರಿಗಾಗಿ ಎಂದು ಅರ್ಥ. ನಮ್ಮ ಊರಿನ ಬೀದಿಯಲ್ಲಿ ಓಡುವ ಬಸ್ಸು, ವಿದ್ಯುದಾಗಾರದ ಬಸ್ಸು, ಗಣಕಯಂತ್ರದ ಒಳಗಿನ ಬಸ್ಸು ಈ ಮೂರೂ ಒಂದೇ ಪದದ ಸಂತಾನ. ಎಲ್ಲರಿಗಾಗಿ ಇರುವ ಮಾರ್ಗದಲ್ಲಿ ಯಾರು ಯಾವ ಗಳಿಗೆಯಲ್ಲಿ ನಡೆಯಬೇಕು ಎಂಬ ಪ್ರಶ್ನೆಯೂ ಆ ಪದದ ಜೊತೆಯಲ್ಲಿಯೇ ಬಂದಿದೆ.

ಬೆಂಗಳೂರು ನಗರಕ್ಕೆ ೧೯೦೫ರಲ್ಲಿಯೂ ಮೈಸೂರು ನಗರಕ್ಕೆ ೧೯೦೮ರಲ್ಲಿಯೂ ವಿದ್ಯುದ್ದೀಪಗಳು ಬಂದವು. ಮೈಸೂರಿನವರಿಗೆ ಇದರ ಅತ್ಯಂತ ಪರಿಚಿತ ಉದಾಹರಣೆ ಅರಮನೆಯ ದೀಪಾಲಂಕಾರ. ೧೯೧೨ರಲ್ಲಿ ಮುಗಿದ ಈ ಅರಮನೆಯಲ್ಲಿ ದಸರೆಯ ಸಂಜೆ ಸುಮಾರು ಒಂದು ಲಕ್ಷ ದೀಪಗಳು ಒಮ್ಮೆಗೇ ಬೆಳಗುತ್ತವೆ. ನೋಡುವವರ ದೃಷ್ಟಿ ದೀಪಗಳ ಮೇಲಿರುತ್ತದೆ. ಆದರೆ ಅದೇ ಗಳಿಗೆಯಲ್ಲಿ ಜಾಲದ ಮೇಲೆ ಹೊಸ ಭಾರ ಬಿದ್ದು, ಕೂಡಿಕೊಂಡಿರುವ ಯಂತ್ರಗಳೆಲ್ಲದರ ಓಟ ಅತ್ಯಲ್ಪ ಪ್ರಮಾಣದಲ್ಲಿ ತಗ್ಗುತ್ತದೆ. ಅವುಗಳ ವೇಗನಿಯಾಮಕಗಳು ಅದನ್ನು ಸರಿಪಡಿಸುತ್ತವೆ. ಆವರ್ತನವೆಂಬುದು ಜಾಲದ ನಾಡಿಬಡಿತ. ಎಲ್ಲಿಯ ಭಾರವಾದರೂ ಅದು ಎಲ್ಲೆಡೆಯೂ ತಿಳಿಯುತ್ತದೆ.

ಎರಡು ವ್ಯವಸ್ಥೆಗಳ ನಾಡಿ ಬೇರೆಬೇರೆಯಾದರೆ ಏನು ಗತಿ? ೧೯೪೮ರಲ್ಲಿ ಜೋಗದ ವಿದ್ಯುದಾಗಾರ ಆರಂಭವಾಯಿತು. ಅದರ ಆವರ್ತನ ೫೦. ಐವತ್ತು ಎಂಬುದು ಇಪ್ಪತ್ತೈದರ ಸರಿಯಾದ ಇಮ್ಮಡಿಯಾದರೂ ಈ ಎರಡು ಅಲೆಗಳನ್ನು ಒಂದೇ ಬಸ್ಸಿಗೆ ನೇರವಾಗಿ ಸೇರಿಸಲು ಬರುವುದಿಲ್ಲ. ಇಂಥಲ್ಲಿ ದಾರಿಗಳು ಎರಡು. ಹಳೆಯ ಯಂತ್ರಗಳನ್ನು ಹೊಸ ಲಯಕ್ಕೆ ಮಾರ್ಪಡಿಸುವುದು ಒಂದು. ನಡುವೆ ಆವರ್ತನ ಪರಿವರ್ತಕವೆಂಬ ಮಧ್ಯವರ್ತಿಯನ್ನು ಇಡುವುದು ಇನ್ನೊಂದು. ಉದಾಹರಣೆಗೆ, ೨೫ ಆವರ್ತಗಳಲ್ಲಿ ಓಡುವ ಹತ್ತು ಧ್ರುವಗಳ ಮೋಟಾರು ನಿಮಿಷಕ್ಕೆ ೩೦೦ ಸುತ್ತು ತಿರುಗುತ್ತದೆ. ಅದೇ ಅಚ್ಚಿಗೆ ಇಪ್ಪತ್ತು ಧ್ರುವಗಳ ಉತ್ಪಾದಕವನ್ನು ಕೂಡಿಸಿದರೆ ಅದು ೫೦ ಆವರ್ತಗಳನ್ನು ಕೊಡುತ್ತದೆ. ಆದರೆ ಈ ಸಂಬಂಧ ಬಿಗಿಯಾದದ್ದು. ಒಂದು ಕಡೆ ಲಯ ತಪ್ಪಿದರೆ ಇನ್ನೊಂದು ಕಡೆಯೂ ತಪ್ಪುತ್ತದೆ. ಇಂದು ಶಿವನಸಮುದ್ರವೂ ಐವತ್ತು ಆವರ್ತಗಳ ಜಾಲದಲ್ಲಿಯೇ ಸೇರಿದೆ.

ಗಣಕಯಂತ್ರವನ್ನು ಕಟ್ಟಿದವರಿಗೂ ಇದೇ ಇಕ್ಕಟ್ಟು ಎದುರಾಯಿತು. ಅಲ್ಲಿ ಸಂಸ್ಕಾರಕ, ಸ್ಮೃತಿ, ಮುದ್ರಣಯಂತ್ರ, ಡಿಸ್ಕು ಮೊದಲಾದ ಉಪಾಂಗಗಳು ಒಂದೇ ಬಸ್ಸನ್ನು ಹಂಚಿಕೊಳ್ಳುತ್ತವೆ. ಅವುಗಳ ವೇಗಗಳಲ್ಲಿ ಅಜಗಜಾಂತರ. ೧೯೭೦ರಲ್ಲಿ ಬಂದ ಪಿಡಿಪಿ-೧೧ ಎಂಬ ಗಣಕದ ಯೂನಿಬಸ್ಸಿನಲ್ಲಿ ಎಲ್ಲರಿಗೂ ಸಾಮಾನ್ಯವಾದ ಗಡಿಯಾರವಿರಲಿಲ್ಲ. ಕೇಳುವ ಉಪಾಂಗ ಸಂಜ್ಞೆ ಕೊಟ್ಟು ಕಾಯುತ್ತಿತ್ತು. ಉತ್ತರಿಸುವ ಉಪಾಂಗ ತಾನು ಸಿದ್ಧವಾದಾಗ ಮರುಸಂಜ್ಞೆ ಕೊಡುತ್ತಿತ್ತು. ನಿಧಾನವಾದದ್ದಕ್ಕೂ ವೇಗವಾದದ್ದಕ್ಕೂ ಅಲ್ಲಿ ಎಡೆಯಿತ್ತು. ಆದರೆ ಪ್ರತಿಯೊಂದು ಮಾತಿಗೂ ಹೋಗಿಬರುವ ಕಾಲ ಖರ್ಚಾಗುತ್ತಿತ್ತು. ಇದಕ್ಕೆ ಪ್ರತಿಯಾಗಿ ೧೯೯೨ರ ಪಿಸಿಐ ಬಸ್ಸಿನಲ್ಲಿ ಎಲ್ಲ ಉಪಾಂಗಗಳೂ ಸೆಕೆಂಡಿಗೆ ೩.೩ ಕೋಟಿ ಬಾರಿ ಮಿಡಿಯುವ ಒಂದೇ ಗಡಿಯಾರಕ್ಕೆ ಒಳಪಟ್ಟವು. ಒಂದು ಮಿಡಿತದ ಅವಧಿ ಸುಮಾರು ೩೦ ನ್ಯಾನೋಸೆಕೆಂಡು. ಸಿದ್ಧವಿಲ್ಲದ ಉಪಾಂಗ ಒಂದೆರಡು ಮಿಡಿತ ತಡೆಯೆಂದು ಸೂಚಿಸಬಹುದಾಗಿತ್ತೇ ಹೊರತು ತನ್ನದೇ ಆದ ಲಯದಲ್ಲಿ ನಡೆಯುವಂತಿರಲಿಲ್ಲ. ಬೇರೆಬೇರೆ ಗಡಿಯಾರಗಳುಳ್ಳ ಎರಡು ಬಸ್ಸುಗಳನ್ನು ಕೂಡಿಸಬೇಕಾದಾಗ ನಡುವೆ ಸೇತುವೆಯೊಂದನ್ನು ಕಟ್ಟಿ, ಒಂದು ಕಡೆಯಿಂದ ಬಂದದ್ದನ್ನು ಅಲ್ಲಿ ಕೂಡಿಟ್ಟು, ಇನ್ನೊಂದು ಕಡೆಗೆ ಅದರ ಲಯದಲ್ಲಿಯೇ ಒಪ್ಪಿಸುವ ಪದ್ಧತಿ ಬಂದಿತು.

ಈ ಸೇತುವೆಯಂಥದೇ ಒಂದು ರಚನೆ ನಮ್ಮ ಕೋಲಾರದಲ್ಲಿ ನಿಂತಿತು ಎಂಬುದು ಸ್ವಾರಸ್ಯದ ಸಂಗತಿ. ೨೦೦೩ರಲ್ಲಿ ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ ಸುಮಾರು ೧,೪೦೦ ಕಿಲೋಮೀಟರು ಉದ್ದದ ನೇರ ವಿದ್ಯುತ್ತಿನ ಮಾರ್ಗ ಸಿದ್ಧವಾಯಿತು. ಆರಂಭದಲ್ಲಿ ಅದರ ಸಾಮರ್ಥ್ಯ ೨,೦೦೦ ಮೆಗಾವಾಟು ಇತ್ತು. ನೇರ ವಿದ್ಯುತ್ತಿನಲ್ಲಿ ಅಲೆಯಿಲ್ಲ, ಆದ್ದರಿಂದ ಲಯದ ಬಂಧನವೂ ಇಲ್ಲ. ಪೂರ್ವದ ಜಾಲ ತನ್ನ ಲಯದಲ್ಲಿಯೂ ದಕ್ಷಿಣದ ಜಾಲ ತನ್ನ ಲಯದಲ್ಲಿಯೂ ನಡೆಯುತ್ತಿರಲು, ಶಕ್ತಿ ಮಾತ್ರ ಒಂದರಿಂದ ಇನ್ನೊಂದಕ್ಕೆ ಹರಿಯಿತು. ೧೯೦೨ರಲ್ಲಿ ಒಂದೇ ಲಯದ ವಿದ್ಯುತ್ತನ್ನು ದೂರದಿಂದ ಪಡೆದ ಜಿಲ್ಲೆಯೇ ನೂರೊಂದು ವರ್ಷಗಳ ತರುವಾಯ ಎರಡು ಲಯಗಳ ಸಂಧಿಸ್ಥಾನವಾಯಿತು.

ಈ ಬೇರ್ಪಡಿಕೆಯ ಬೆಲೆ ಏನೆಂಬುದು ೨೦೧೨ರ ಜುಲೈ ೩೦ ಮತ್ತು ೩೧ರಂದು ತಿಳಿಯಿತು. ಮೊದಲ ದಿನ ಉತ್ತರದ ಜಾಲವೂ ಮರುದಿನ ಉತ್ತರ, ಪೂರ್ವ, ಈಶಾನ್ಯ ಜಾಲಗಳೂ ಕುಸಿದವು. ಕತ್ತಲು ಕವಿದ ಪ್ರದೇಶದಲ್ಲಿ ಸುಮಾರು ೬೦ ಕೋಟಿ ಜನರಿದ್ದರು. ರೈಲುಗಳು ದಾರಿಯಲ್ಲಿಯೇ ನಿಂತವು. ಒಂದು ಕಡೆಯ ತೊಂದರೆ ಲಯದ ಬಂಧನದ ಮೂಲಕವೇ ಉಳಿದ ಕಡೆಗೆ ಹಬ್ಬಿತು. ಆ ಬಂಧನದಿಂದ ಹೊರಗಿದ್ದ ದಕ್ಷಿಣದ ಜಾಲ ಉಳಿದುಕೊಂಡಿತು. ಮೈಸೂರಿನಲ್ಲಿ ಅಂದು ಈ ಕಾರಣದಿಂದ ದೀಪವಾರಲಿಲ್ಲ. ಹೀಗಿರುವಾಗ ದಕ್ಷಿಣವು ಬೇರೆಯಾಗಿಯೇ ಉಳಿಯಬೇಕಾಗಿತ್ತಲ್ಲವೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಸರಿ.

ಆದರೆ ನಡೆದದ್ದು ಬೇರೆ. ೨೦೧೩ರ ಡಿಸೆಂಬರ್ ೩೧ರಂದು ರಾಯಚೂರಿನಿಂದ ಸೊಲ್ಲಾಪುರಕ್ಕೆ ಹಾಕಿದ ೭೬೫ ಕಿಲೋವೋಲ್ಟಿನ ಮಾರ್ಗದ ಮೂಲಕ ದಕ್ಷಿಣದ ಜಾಲ ದೇಶದ ಉಳಿದ ಜಾಲದೊಡನೆ ಲಯಗೂಡಿತು. ಇದಕ್ಕೂ ಬಲವಾದ ಕಾರಣವಿತ್ತು. ಸೇತುವೆಯ ಮೂಲಕ ಬರುವ ಶಕ್ತಿಗೆ ಸೇತುವೆಯ ಅಗಲವೇ ಮಿತಿ. ಮೇಲಾಗಿ, ಒಂದೇ ಲಯದಲ್ಲಿ ತಿರುಗುವ ಯಂತ್ರಗಳ ಸಂಖ್ಯೆ ಹೆಚ್ಚಿದಷ್ಟೂ ಒಂದು ಯಂತ್ರ ನಿಂತಾಗ ಬೀಳುವ ಪೆಟ್ಟು ಹಲವು ಹೆಗಲುಗಳ ಮೇಲೆ ಹಂಚಿಹೋಗುತ್ತದೆ, ಯಾವುದೊಂದೂ ಮುರಿಯುವುದಿಲ್ಲ. ಚಿಕ್ಕ ಕಷ್ಟಗಳಿಗೆ ಕೂಡಿರುವುದು ರಕ್ಷಣೆ, ದೊಡ್ಡ ಕಷ್ಟಕ್ಕೆ ಬೇರೆಯಾಗಿರುವುದು ರಕ್ಷಣೆ. ಈ ಎರಡರಲ್ಲಿ ಒಂದನ್ನು ಆರಿಸಿಕೊಂಡವರು ಇನ್ನೊಂದರ ನಷ್ಟಕ್ಕೂ ಒಪ್ಪಿಕೊಂಡಂತೆಯೇ.

ಇದರಿಂದ ಚರಿತ್ರೆಯ ವಿದ್ಯಾರ್ಥಿಗಳು ತಿಳಿಯಬೇಕಾದುದೇನು? ಯಂತ್ರಗಳ ಚರಿತ್ರೆಯನ್ನು ಕಟ್ಟಡ, ಸಾಮರ್ಥ್ಯ, ದೂರ ಇವುಗಳ ಲೆಕ್ಕವಾಗಿ ಮಾತ್ರ ಬರೆದರೆ ಅರ್ಧ ಚರಿತ್ರೆಯನ್ನು ಬರೆದಂತಾಗುತ್ತದೆ. ಒಂದು ಮಾರ್ಗವನ್ನು ಹಂಚಿಕೊಂಡವರು ಯಾರ ಕಾಲವನ್ನು ಒಪ್ಪಿಕೊಂಡರು, ಯಾರು ಕಾಯಬೇಕಾಯಿತು, ಯಾರ ತಪ್ಪು ಯಾರ ಮನೆಯ ದೀಪವನ್ನು ಆರಿಸಿತು ಎಂಬುದು ಉಳಿದ ಅರ್ಧ. ದಿವಾನರ ಆಜ್ಞೆಗಳನ್ನು ಓದುವಷ್ಟೇ ಶ್ರದ್ಧೆಯಿಂದ ವಿದ್ಯುದಾಗಾರದ ದಿನಚರಿ ಪುಸ್ತಕಗಳನ್ನೂ ಓದುವ ಸಂಶೋಧಕರು ನಮ್ಮಲ್ಲಿ ಹೆಚ್ಚಬೇಕು. ಶಿವನಸಮುದ್ರದ ಕೀರ್ತಿ ಅದರ ನೀರಿನಲ್ಲಿ ಮಾತ್ರವಿಲ್ಲ. ದೀಪವಾರುವ ಗಳಿಗೆಗಾಗಿ ಕಾದುನಿಂತು, ಆರು ಯಂತ್ರಗಳನ್ನು ಒಂದಾಗಿ ನಡೆಸಿದ ಹೆಸರಿಲ್ಲದ ನೌಕರರ ತಾಳ್ಮೆಯಲ್ಲಿಯೂ ಇದೆ.