ಸೂಜಿಯ ಮೊನೆಯಲ್ಲಿ ಉಳಿದ ಇತಿಹಾಸ

ಒಂದು ನಾಡಿನ ಇತಿಹಾಸವನ್ನು ಶಿಲಾಶಾಸನಗಳಲ್ಲಿ ಓದುವಂತೆ ಅಲ್ಲಿಯ ಜನರ ಉಡುಗೆ-ತೊಡುಗೆಗಳಲ್ಲಿಯೂ ಓದಬಹುದು. ಶಾಸನಗಳನ್ನು ಬರೆಯಿಸಿದವರು ಅರಸರು, ದಂಡನಾಯಕರು, ದಾನಿಗಳು. ಕುಪ್ಪಸಕ್ಕೆ ಕಸೂತಿ ಹಾಕಿದ ತಾಯಿಯ ಹೆಸರಾಗಲಿ, ಕಂಬಳಿ ನೇಯ್ದ ಕುರುಬನ ಹೆಸರಾಗಲಿ ಅಲ್ಲಿ ಕಾಣಸಿಗುವುದು ಅಪರೂಪ. ಅವರು ಬಿಟ್ಟುಹೋದ ದಾಖಲೆ ಅವರ ಕೈಗೆಲಸವೊಂದೇ. ಆ ದಾಖಲೆಗೆ ಕಲ್ಲಿನ ಬಾಳಿಕೆಯಿಲ್ಲ. ಒಂದು ತಲೆಮಾರು ಕೈಬಿಟ್ಟರೆ ಅಳಿದುಹೋಗುತ್ತದೆ. ಅದನ್ನು ಉಳಿಸಿಕೊಳ್ಳುವ ಬಗೆ ಯಾವುದೆಂಬುದನ್ನು ನಮ್ಮ ಬಳ್ಳಾರಿ ಸೀಮೆಯ ನಿದರ್ಶನದಿಂದಲೇ ವಿಚಾರಿಸುವುದು ಉಚಿತವೆಂದು ತೋರುತ್ತದೆ.

ಕೈಗಸುಬು ಈ ಸೀಮೆಗೆ ಹೊಸದಲ್ಲ. ಬಳ್ಳಾರಿಯ ಬಳಿಯ ಸಂಗನಕಲ್ಲಿನ ಬೆಟ್ಟಗಳಲ್ಲಿ ನವಶಿಲಾಯುಗದ ಜನರು ಕಲ್ಲುಕೊಡಲಿಗಳನ್ನು ರಾಶಿರಾಶಿಯಾಗಿ ಸಿದ್ಧಪಡಿಸುತ್ತಿದ್ದರು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು 1960ರ ದಶಕದಲ್ಲಿ ನಡೆಸಿದ ಉತ್ಖನನದಲ್ಲಿ ಅದೇ ಕಾಲದ ಚಿನ್ನದ ಒಡವೆಗಳು ದೊರೆತವು. ಸಿಂದರ ರಾಜಧಾನಿಯಾಗಿದ್ದ ಕುರುಗೋಡಿನಲ್ಲಿ ಕಲ್ಯಾಣ ಚಾಲುಕ್ಯ ಶೈಲಿಯ ಕಲ್ಲುಗುಡಿಗಳೂ ಏಕಶಿಲೆಯ ದೊಡ್ಡಬಸವಣ್ಣನೂ ಇಂದಿಗೂ ಕಾಣಸಿಗುತ್ತವೆ. ನೇಯುವ ದಾಸಿಮಯ್ಯ, ಬುಟ್ಟಿ ಹೆಣೆಯುವ ಮೇದಾರ ಕೇತಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ ಇವರನ್ನು ಶರಣರೆಂದು ಪೂಜಿಸುವ ಪರಂಪರೆಗೆ ಸೇರಿದ ನಾವು ಕೈಯ ಕಸುಬನ್ನು ಕಡೆಗಣಿಸುವುದು ತರವಲ್ಲ.

ಈ ಸೀಮೆಯ ಉಡುಗೆಗಳಲ್ಲೆಲ್ಲ ಕಣ್ಸೆಳೆಯುವಂಥದು ಲಂಬಾಣಿ ಹೆಣ್ಣುಮಕ್ಕಳದು. ಕನ್ನಡಿಯ ಬಿಲ್ಲೆ, ಕವಡೆ, ನಾಣ್ಯಗಳನ್ನು ಕೂಡಿಸಿ ಹೊಲಿದ ಫೇಟಿಯಾ, ಕಾಂಚಳಿ, ಟುಕ್ರಿಗಳು ಒಂದು ಜನಾಂಗದ ಪ್ರಯಾಣದ ಕಥೆಯನ್ನೇ ಹೇಳುತ್ತವೆ. ಬಂಜಾರರು ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಉತ್ತರದಿಂದ ದಖ್ಖನಿಗೆ ಬಂದವರು. ಮೊಗಲರ ದಂಡುಗಳಿಗೆ ದವಸ ಪೂರೈಸಿದವರು. 19ನೆಯ ಶತಮಾನದಲ್ಲಿ ರೈಲುಹಾದಿಗಳು ಬಂದ ಮೇಲೆ ಆ ಹೇರಿನ ವ್ಯಾಪಾರ ನೆಲಕಚ್ಚಿತು. ಇಂಥ ಅಲೆಮಾರಿ ಜನರನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಎಣಿಸುವ ಕಾಯಿದೆಯನ್ನು ಆಂಗ್ಲ ಸರ್ಕಾರ 1871ರಲ್ಲಿ ಜಾರಿಗೆ ತಂದಿತು. ಅದು ರದ್ದಾದುದು 1952ರಲ್ಲಿ. ಅನ್ನದ ದಾರಿ ಮುಚ್ಚಿ, ಮಾನಕ್ಕೆ ಕುಂದು ಬಂದ ಕಾಲದಲ್ಲಿಯೂ ತಾಂಡಾದ ತಾಯಂದಿರು ಸೂಜಿಯನ್ನು ಕೆಳಗಿಡಲಿಲ್ಲ. ತಾಯಿಯಿಂದ ಮಗಳಿಗೆ ಹೊಲಿಗೆ ಹರಿದುಬಂದಿತು.

ಆದರೆ ಬಡತನ ಮಾಡದ ಕೆಲಸವನ್ನು ಪೇಟೆ ಮಾಡತೊಡಗಿತು. ಅಗ್ಗದ ಗಿರಣಿಬಟ್ಟೆ ತಾಂಡಾಗಳನ್ನು ಹೊಕ್ಕಿತು. ಭಾರವಾದ ಫೇಟಿಯಾ ಹೊಲದ ಕೂಲಿಗೆ ಒಗ್ಗದಾಯಿತು. ಅಜ್ಜಿಯರ ಹಳೆಯ ಕಾಂಚಳಿಗಳು ವ್ಯಾಪಾರಿಗಳ ಪಾಲಾಗಿ, ಕತ್ತರಿಗೆ ಸಿಕ್ಕು, ಚೀಲಗಳಾಗಿ ಮಾರಾಟವಾದವು.

ಇಂಥ ಸಮಯದಲ್ಲಿ, 1984ರಲ್ಲಿ, ಸಂಡೂರಿನಲ್ಲಿ ಕುಶಲಕಲಾ ಕೇಂದ್ರವೊಂದು ಸ್ಥಾಪಿತವಾಯಿತು. ಲಂಬಾಣಿ ಸ್ತ್ರೀಯರಿಗೆ ಬಟ್ಟೆ, ನೂಲು ಒದಗಿಸಿ, ಅವರು ಹೊಲಿದುದಕ್ಕೆ ಕೂಲಿ ಕೊಟ್ಟು, ಸಿದ್ಧವಸ್ತುಗಳಿಗೆ ದೂರದ ಊರುಗಳಲ್ಲಿ ಕೊಳ್ಳುವವರನ್ನು ಹುಡುಕುವುದು ಅದರ ಕಾರ್ಯಕ್ರಮ. ಕೀಲನ್, ವೇಲೆ, ಮಾಕಿ, ನಾಕ್ರಾ ಮೊದಲಾಗಿ 14 ಬಗೆಯ ಹೊಲಿಗೆಗಳನ್ನು ಈ ಕಸೂತಿಯಲ್ಲಿ ಗುರುತಿಸಲಾಗಿದೆ. 2010ರಲ್ಲಿ 'ಸಂಡೂರು ಲಂಬಾಣಿ ಕಸೂತಿ'ಗೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತು. ಅಂದರೆ ಅನ್ಯರು ಬೇರೆಡೆ ಹೊಲಿದುದನ್ನು ಈ ಹೆಸರಿನಿಂದ ಮಾರುವಂತಿಲ್ಲ. 2023ರ ಜುಲೈ ತಿಂಗಳಲ್ಲಿ ಹಂಪಿಯಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಸಭೆ ನೆರೆದಾಗ, 450ಕ್ಕೂ ಹೆಚ್ಚು ಲಂಬಾಣಿ ಸ್ತ್ರೀಯರು ಸಿದ್ಧಪಡಿಸಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಒಂದು ಕಾಲಕ್ಕೆ ಅಪರಾಧಿಗಳೆಂಬ ಪಟ್ಟ ಹೊತ್ತ ಜನಾಂಗದ ಕೈಗೆಲಸವನ್ನು ಲೋಕದ ಪ್ರತಿನಿಧಿಗಳು ನಿಂತು ನೋಡಿದರೆಂಬುದು ಸಾಮಾನ್ಯ ಸಂಗತಿಯಲ್ಲ.

ಉಡುಗೆಯನ್ನು ಸಂಸ್ಥೆಯ ಮೂಲಕ ಕಾಪಾಡುವ ಇನ್ನೊಂದು ಮಾರ್ಗ ಸಂಗ್ರಹಾಲಯ. ಸ್ವೀಡನ್ ದೇಶದ ಆರ್ಟುರ್ ಹಾಜೇಲಿಯಸ್ ಎಂಬ ವಿದ್ವಾಂಸನು 1872ರಲ್ಲಿ ಹಳ್ಳಿಗಾಡಿನಲ್ಲಿ ಸಂಚರಿಸುವಾಗ ಜನರು ಪೂರ್ವಿಕರ ಉಡುಗೆಗಳನ್ನು ತೊರೆಯುತ್ತಿರುವುದನ್ನು ಕಂಡು ಅವನ್ನು ಸಂಗ್ರಹಿಸತೊಡಗಿದನು; 1891ರಲ್ಲಿ ಸ್ಟಾಕ್‌ಹೋಮಿನಲ್ಲಿ ಆತನು ತೆರೆದ ಬಯಲು ಸಂಗ್ರಹಾಲಯ ಜಗತ್ತಿಗೇ ಮಾದರಿಯಾಯಿತು. ನಮ್ಮಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವೂ, ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕವೂ ಈ ಮಾರ್ಗದವು. ಸಂಗ್ರಹಾಲಯ ವಸ್ತುವನ್ನು ಉಳಿಸುತ್ತದೆ. ಸಂಡೂರಿನಂಥ ಕೇಂದ್ರ ಕೈಯನ್ನು ಉಳಿಸುತ್ತದೆ. ಇವೆರಡೂ ಬೇಕು.

ಆದರೂ ಒಂದು ಕೊರತೆ ಉಳಿಯುತ್ತದೆ. ಇಂದು ತಾಂಡಾದ ತಾಯಿ ಹೊಲಿಯುವ ಚೀಲ, ದಿಂಬಿನ ಹೊದಿಕೆಗಳು ನಗರದ ಮನೆಗಳನ್ನು ಸೇರುತ್ತವೆ. ಆಕೆಯ ಮಗಳು ಪೇಟೆಯ ಉಡುಪು ತೊಟ್ಟು ಶಾಲೆಗೆ ಹೋಗುತ್ತಾಳೆ. ಮಗಳನ್ನು ದೂಷಿಸುವುದು ನ್ಯಾಯವಲ್ಲ. ಹೊರೆಯಾದ ಉಡುಗೆಯನ್ನು ದಿನವೂ ಹೊರಬೇಕೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಆದರೆ ತೊಡುವ ಸಂದರ್ಭವೇ ಇಲ್ಲವಾದರೆ ಕಸೂತಿಯು ಕೊಳ್ಳುವವನ ಅಭಿರುಚಿಗೆ ಕಟ್ಟುಬಿದ್ದು, ತನ್ನ ಅರ್ಥವನ್ನು ಮರೆಯುತ್ತದೆ.

ಸಂದರ್ಭ ಉಳಿದಲ್ಲಿ ಉಡುಗೆಯೂ ಉಳಿದಿದೆ. ಮೈಲಾರದ ಗೊರವಯ್ಯನು ಕರಿಯ ಕಂಬಳಿಯ ನಿಲುವಂಗಿಯನ್ನೂ ಕರಡಿಗೂದಲಿನ ಕುಲಾವಿಯನ್ನೂ ಇಂದಿಗೂ ಧರಿಸುವುದು ಜಾತ್ರೆ ನಡೆಯುತ್ತಿರುವುದರಿಂದ. ವೀರಗಾಸೆಯವರ ಕಾವಿಯ ಕಚ್ಚೆ, ರುದ್ರಾಕ್ಷಿ, ಎದೆಯ ಹಲಗೆಗಳು ಉಳಿದಿರುವುದು ವೀರಭದ್ರನ ಉತ್ಸವ ಉಳಿದಿರುವುದರಿಂದ. ಹಳ್ಳಿಯಲ್ಲಿ ಬಯಲಾಟ ನಿಂತರೆ ಕಿರೀಟ, ಭುಜಕೀರ್ತಿಗಳನ್ನು ಮಾಡುವವನ ಕೈಯೂ ನಿಲ್ಲುತ್ತದೆ.

ಮಠ-ಮಂದಿರಗಳ ಪಾತ್ರ ಇಲ್ಲಿಯೇ ಇದೆ. ವಸ್ತುವನ್ನು ಸಂಗ್ರಹಾಲಯ ನೋಡಿಕೊಳ್ಳಲಿ, ಕಸುಬುದಾರರ ಕೂಲಿಯನ್ನು ಕುಶಲಕಲಾ ಕೇಂದ್ರ ನೋಡಿಕೊಳ್ಳಲಿ. ಸಂದರ್ಭವನ್ನು ಒದಗಿಸುವ ಶಕ್ತಿ ನಮ್ಮ ಜಾತ್ರೆ, ರಥೋತ್ಸವಗಳಿಗೆ ಇದೆ. ಕುರುಗೋಡಿನ ದೊಡ್ಡಬಸವೇಶ್ವರನ ತೇರಿಗೆ ಸುತ್ತಣ ಹಳ್ಳಿಗಳೆಲ್ಲ ಸೇರುತ್ತವೆ. ಅಂಥ ನೆರವಿಯಲ್ಲಿ ನೇಕಾರ, ಮೇದಾರ, ಕಂಬಳಿಯವರಿಗೆ ಬಾಡಿಗೆಯಿಲ್ಲದ ಜಾಗ ಕೊಡಬಹುದು. ಶಾಲೆಯ ಉತ್ಸವದಂದು ಮಕ್ಕಳು ಬಾಡಿಗೆಯ ವೇಷದ ಬದಲು ತಮ್ಮ ಅಜ್ಜಿಯರ ಉಡುಗೆಯಲ್ಲಿ ಬರಲೆಂದು ಕೇಳಬಹುದು. ಅದರ ಹೆಸರು, ಹೊಲಿಗೆಯ ಹೆಸರು, ಹೊಲಿದವರ ಹೆಸರನ್ನು ಅವರಿಂದಲೇ ಬರೆಯಿಸಿ ಇಡಬಹುದು. ನಮ್ಮ ಮಠದ ಹಳೆಯ ವಿದ್ಯಾರ್ಥಿಗಳಲ್ಲಿ ಉಪಾಧ್ಯಾಯರಾದವರು ಅನೇಕರಿದ್ದಾರೆ. ಈ ಕೆಲಸಕ್ಕೆ ಅವರಿಗೆ ಹಣಕ್ಕಿಂತ ಮನಸ್ಸು ಮುಖ್ಯ.

ಬಳ್ಳಾರಿ ಇಂದು ಜೀನ್ಸ್ ಹೊಲಿಗೆಗೆ ಹೆಸರಾದ ನಗರ. ಪರರ ಮೈಗೆ ಬಟ್ಟೆ ಹೊಲಿಯುವ ಊರು ತನ್ನ ಸೀಮೆಯ ಉಡುಗೆಯನ್ನು ಮರೆಯಬಾರದು. ಭಕ್ತರು ಮನೆಗೆ ಹೋದೊಡನೆ ಹಳೆಯ ಪೆಟ್ಟಿಗೆಯನ್ನೊಮ್ಮೆ ತೆರೆದು ನೋಡಲಿ. ಅದರಲ್ಲಿರುವುದನ್ನು ಹೊಲಿದವರು ಬದುಕಿದ್ದರೆ, ಅವರ ಬಳಿ ಮೊಮ್ಮಗಳನ್ನು ಕೂರಿಸಲಿ.