ಉಸಿರಿಗೊಂದು ಊರೆ

'ಆಮ್ಲಜನಕ' ಎಂಬ ಶಬ್ದ ಲ್ಯಾವೋಸಿಯೇ ಎಂಬ ಫ್ರೆಂಚ್ ವಿಜ್ಞಾನಿ ಇಟ್ಟ ಹೆಸರಿನ ನೇರ ಅನುವಾದ. ಆಮ್ಲಗಳನ್ನೆಲ್ಲ ಹುಟ್ಟಿಸುವುದು ಇದೇ ಎಂದು ಆತ ನಂಬಿದ್ದ. ಆ ನಂಬಿಕೆ ಮುಂದೆ ಸುಳ್ಳಾಯಿತು. ಹೆಸರು ಮಾತ್ರ ಉಳಿಯಿತು. ನಮ್ಮ ಜನ ಆಡುವ 'ಪ್ರಾಣವಾಯು'ವೇ ಹೆಚ್ಚು ಅರ್ಥವತ್ತಾದ ಮಾತು. ಆದರೆ ಪ್ರಾಣವಾಯು ಸುತ್ತಲೂ ಇದ್ದರೆ ಸಾಲದು. ಅದನ್ನು ಒಳಗೆಳೆದು, ಬಳಸಿದ ಗಾಳಿಯನ್ನು ಹೊರದೂಡುವ ಕಸುವು ಎದೆಗೂಡಿಗೆ ಇರಬೇಕು. ಆ ಕಸುವು ಕುಂದಿದವರಿಗೆ ಹೊರಗಿನಿಂದ ನೆರವಾಗುವುದು ಹೇಗೆ?

1928ರಲ್ಲಿ ಅಮೆರಿಕದ ಬೋಸ್ಟನ್ ನಗರದಲ್ಲಿ ಫಿಲಿಪ್ ಡ್ರಿಂಕರ್ ಮತ್ತು ಅವರ ಸಂಗಡಿಗರು 'ಕಬ್ಬಿಣದ ಶ್ವಾಸಕೋಶ'ವನ್ನು ಬಳಕೆಗೆ ತಂದರು. ರೋಗಿಯ ತಲೆಯೊಂದನ್ನು ಬಿಟ್ಟು ಉಳಿದ ದೇಹವೆಲ್ಲ ಲೋಹದ ಪೆಟ್ಟಿಗೆಯೊಳಗೆ. ಪೆಟ್ಟಿಗೆಯ ಒತ್ತಡ ಇಳಿದಾಗ ಎದೆ ಹಿಗ್ಗಿ, ಗಾಳಿ ಮೂಗಿನಿಂದ ತಾನಾಗಿ ಒಳಸೇರುತ್ತಿತ್ತು. ಪೋಲಿಯೊ ಪೀಡಿತರಾದ ಎಷ್ಟೋ ಮಂದಿ ಇದರಿಂದ ಬದುಕಿದರು. ಅವರು ಸೆರೆಯಾಳುಗಳಂತಿದ್ದರೂ ಮಾತನಾಡಬಲ್ಲವರಾಗಿದ್ದರು.

1952ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಮಾರಿಯಾಗಿ ಎರಗಿದಾಗ ಇಂಥ ಪೆಟ್ಟಿಗೆಗಳು ಸಾಲದೆ ಹೋದವು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ಗಂಟಲಲ್ಲಿ ರಂಧ್ರ ಮಾಡಿ, ನಳಿಗೆ ಇಟ್ಟು, ರಬ್ಬರ್ ಚೀಲದಿಂದ ಗಾಳಿ ಒತ್ತುವ ದಾರಿ ತೋರಿದರು. ಒತ್ತುವವರು ಯಾರು? ವೈದ್ಯ ವಿದ್ಯಾರ್ಥಿಗಳು, ಸರದಿಯ ಮೇಲೆ, ಹಗಲಿರುಳು, ತಿಂಗಳುಗಟ್ಟಲೆ. ಇಂದಿನ ತೀವ್ರ ನಿಗಾ ಘಟಕದ ಮೂಲ ಆ ಕೈಗಳಲ್ಲಿದೆ. ಮುಂದೆ ಕೈಗಳ ಜಾಗಕ್ಕೆ ಯಂತ್ರ ಬಂತು. ಜೀವ ಉಳಿಯಿತು, ಆದರೆ ನಳಿಗೆಯಿರುವಷ್ಟು ದಿನ ರೋಗಿಯ ಮಾತು ಹೋಯಿತು, ಸೋಂಕಿನ ಭಯವೂ ಸೇರಿತು.

ನಳಿಗೆಯಿಲ್ಲದೆ ಗಾಳಿಯನ್ನು ಒತ್ತಿ ಕೊಡಲಾಗದೆ? 1981ರಲ್ಲಿ ಆಸ್ಟ್ರೇಲಿಯದ ಕಾಲಿನ್ ಸಲಿವನ್, ನಿದ್ರೆಯಲ್ಲಿ ಉಸಿರು ಕಟ್ಟುವವರಿಗೆ ಮೂಗಿನ ಮುಖವಾಡದ ಮೂಲಕ ಒತ್ತಡದ ಗಾಳಿ ಕೊಟ್ಟು ಯಶಸ್ವಿಯಾದರು. 1995ರಲ್ಲಿ ಫ್ರಾನ್ಸಿನ ಬ್ರೋಷಾರ್ ಮತ್ತು ಸಂಗಡಿಗರು, ಹಳೆಯ ಶ್ವಾಸಕೋಶದ ರೋಗ ಉಲ್ಬಣಿಸಿದ 85 ಮಂದಿಯ ಮೇಲಿನ ಅಧ್ಯಯನವನ್ನು ಪ್ರಕಟಿಸಿದರು. ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 74 ಮಂದಿಗೆ ನಳಿಗೆ ಬೇಕಾಯಿತು. ಮುಖವಾಡ ತೊಟ್ಟವರಲ್ಲಿ 26 ಮಂದಿಗೆ ಮಾತ್ರ. ಸಾವು ನೂರಕ್ಕೆ 29ರಿಂದ 9ಕ್ಕೆ ಇಳಿಯಿತು. ಉಸಿರೆಳೆಯುವಾಗ ಹೆಚ್ಚು, ಬಿಡುವಾಗ ಕಡಿಮೆ ಒತ್ತಡ ಕೊಟ್ಟರೆ ದಣಿದ ಸ್ನಾಯುಗಳಿಗೆ ವಿಶ್ರಾಂತಿ; ರಕ್ತದಲ್ಲಿ ತುಂಬಿ ಮನಸ್ಸನ್ನು ಮಂಕಾಗಿಸುವ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ.

ಕಾಪುವಿನ ನಮ್ಮ ಮನೆಯಲ್ಲಿ ನಾನಿದನ್ನು ಹತ್ತಿರದಿಂದ ಬಲ್ಲೆ. ನನ್ನ ಅಕ್ಕ ಬೀಡಿ ಮುಟ್ಟಿದವರಲ್ಲ. ನಲವತ್ತು ವರ್ಷ ಮಡಲು, ತೆಂಗಿನ ಸಿಪ್ಪೆ ಉರಿಸಿ ಅಡುಗೆ ಮಾಡಿದವರು. ಒಂದು ಮಳೆಗಾಲ ಆಸ್ಪತ್ರೆಯಲ್ಲಿ ಮುಖವಾಡ ತೊಡಿಸಿದಾಗ ಅದನ್ನು ಕಿತ್ತೆಸೆದರು. ದಾದಿಯೊಬ್ಬಳು ಪಟ್ಟಿ ಕಟ್ಟದೆ, ಕೈಯಲ್ಲೇ ಹಿಡಿದುಕೊಂಡು, "ಅಮ್ಮ, ಬೇಡವೆಂದರೆ ಆಗಲೇ ತೆಗೆಯುತ್ತೇನೆ" ಎನ್ನುತ್ತ ಅರ್ಧ ಗಂಟೆ ಕುಳಿತಳು. ಬೆಳಗಾಗುವಾಗ ಅಕ್ಕ ಗಂಜಿ ಕೇಳಿದರು.

2020ರಲ್ಲಿ ಕೋವಿಡ್ ಬಂದಾಗ ಉಡುಪಿಯ ಡಾ. ಟಿ.ಎಂ.ಎ. ಪೈ ಆಸ್ಪತ್ರೆಯನ್ನು ಆ ರೋಗಿಗಳಿಗೇ ಮೀಸಲಿಟ್ಟರು. ಮುಖವಾಡ, ಮೂಗಿನ ಕೊಳವೆಗಳ ಹೆಸರು ಮನೆಮನೆಯ ಮಾತಾಯಿತು. ಹೆಚ್ಚು ಹರಿವಿನ ಕೊಳವೆಯೊಂದು ನಿಮಿಷಕ್ಕೆ 60 ಲೀಟರಿನವರೆಗೂ ಆಮ್ಲಜನಕ ಬಳಸಬಲ್ಲದು. 2021ರ ಮೇ ಮೊದಲ ವಾರ ಚಾಮರಾಜನಗರದಲ್ಲಿ ಆಮ್ಲಜನಕ ಸಾಲದೆ ಆದ ಸಾವುಗಳು ನಾಡನ್ನು ನಡುಗಿಸಿದವು. ಅದೇ ವಾರ, ಮೇ 5ರಂದು, ನಮ್ಮ ಕಾಪುವಿನ ದಕ್ಷಿಣಕ್ಕಿರುವ ನವಮಂಗಳೂರು ಬಂದರಿಗೆ ನೌಕಾಪಡೆಯ 'ತಲ್ವಾರ್' ಹಡಗು ಬಹರೇನಿನಿಂದ ದ್ರವ ಆಮ್ಲಜನಕ ಹೊತ್ತು ತಂದಿತು. ಸಾಂಬಾರ, ಅಕ್ಕಿ, ಹೆಂಚುಗಳ ಹಡಗುಗಳನ್ನು ಕಂಡ ಕರಾವಳಿಗೆ ಉಸಿರಿನ ಹಡಗು ಹೊಸದು.

ಮುಖವಾಡ ಎಲ್ಲರಿಗೂ ಸಲ್ಲದು. ಪ್ರಜ್ಞೆ ತಪ್ಪಿದವರಿಗೆ, ವಾಂತಿಯಾಗುತ್ತಿರುವವರಿಗೆ ಅಪಾಯ. ಫಲಿಸದಿದ್ದಾಗ ನಳಿಗೆಗೆ ತಡಮಾಡಿದರೆ ಜೀವಕ್ಕೇ ಎರವು. ಇದನ್ನು ಗುರುತಿಸಲು ಪಕ್ಕದಲ್ಲಿ ಎಚ್ಚರವಾಗಿರುವ ಮನುಷ್ಯ ಬೇಕು. ಆಸ್ಪತ್ರೆಗಳಿಗೆ ಯಂತ್ರಗಳ ಲೆಕ್ಕ ಬರೆಯುವವರು, ಅವುಗಳ ಬಳಿ ರಾತ್ರಿ ಕಳೆಯುವ ದಾದಿಯರ ಲೆಕ್ಕವನ್ನೂ ಅದೇ ಪುಟದಲ್ಲಿ ಬರೆಯಬೇಕು.