ವೆಬ್ಲಿ ರಿವಾಲ್ವರ್‌ನ ತೋಟೆಗಳು

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆ ಬಳಸಿದ ವೆಬ್ಲಿ ಮಾರ್ಕ್ 6 (1915) ರಿವಾಲ್ವರ್ .455 ತೋಟೆಗೆಂದೇ ತಯಾರಾದದ್ದು. ಎರಡನೆಯ ಮಹಾಯುದ್ಧದ ನಂತರ ಇವು ಅಮೆರಿಕದ ಪೇಟೆಗೆ ಅಗ್ಗವಾಗಿ ಬಂದವು. ತೋಟೆ ಮಾತ್ರ ಅಲ್ಲಿ ಅಪರೂಪ. ಹಾಗಾಗಿ ಎಷ್ಟೋ ರಿವಾಲ್ವರ್‌ಗಳ ಸಿಲಿಂಡರಿನ ಹಿಂಬದಿಯನ್ನು ತುಸು ಅರೆದು, ಹೇರಳವಾಗಿ ಸಿಗುತ್ತಿದ್ದ .45 ಎಸಿಪಿ ತೋಟೆಗಳನ್ನು ಅರ್ಧಚಂದ್ರಾಕಾರದ ಉಕ್ಕಿನ ಕ್ಲಿಪ್ಪಿಗೆ ಮೂರರಂತೆ ಸಿಕ್ಕಿಸಿ ತುಂಬುವಂತೆ ಮಾಡಲಾಯಿತು. ಒಳಗೆ ಕೂತಿತೆಂದ ಮಾತ್ರಕ್ಕೆ ಹೊಂದಿತೆಂದಲ್ಲ. ಎಸಿಪಿ ತೋಟೆಗೆ ನಿಗದಿಯಾದ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 21,000 ಪೌಂಡ್; .455ರದ್ದು ಅದಕ್ಕಿಂತ ಬಹಳ ಕಡಿಮೆ. ಕಾರ್ಖಾನೆಯ ಎಸಿಪಿ ತೋಟೆ ಹಾರಿಸಿದರೆ ಹಳೆಯ ಸಿಲಿಂಡರ್ ಬಿರಿಯಬಹುದು. ಹಾಗೆಂದು ಅರೆದ ಸಿಲಿಂಡರ್‌ನಲ್ಲಿ .455 ಹಾಕಿದರೂ ತೋಟೆಯ ಅಂಚಿನ ಹಿಂದೆ ಕಣ್ಣಿಗೆ ಕಾಣುವಷ್ಟು ಸಂದು ಉಳಿಯುತ್ತದೆ. ಆಗ ಅಪರೂಪವಾಗಿದ್ದ .455 ತೋಟೆಯನ್ನು ಇಟಲಿಯ ಫಿಯೋಕಿ ಕಂಪನಿ ಹೊಸದಾಗಿ ತಯಾರಿಸಿದೆ.